ಲೈಬ್ರರಿಗಳನ್ನು ಪ್ಯಾಕೇಜ್ ಒಳಗೇ ತುಂಬಬೇಕಾ, ಸಿಸ್ಟಮ್‌ಗೇ ಬಿಡಬೇಕಾ?

ಪ್ರಶ್ನೆ: ಸಿ++ ಮತ್ತು ಕ್ಯೂಟಿ 6 (ಕಿಟಕಿ, ಬಟನ್ ಕೊಡುವ ಸಿದ್ಧ ಕೋಡ್, ಅಂದರೆ ಲೈಬ್ರರಿ) ಬಳಸಿ ಟಿಪ್ಪಣಿ ಬರೆದಿಡುವ ಒಂದು ಆ್ಯಪ್ ಮಾಡಿದ್ದೇನೆ. ಟಿಪ್ಪಣಿಗಳು ಎಸ್‌ಕ್ಯುಲೈಟ್ ಡೇಟಾಬೇಸ್‌ನಲ್ಲಿ ಉಳಿಯುತ್ತವೆ, ಓಪನ್‌ಎಸ್‌ಎಸ್‌ಎಲ್ ಬಳಸಿ ಅವನ್ನು ಎನ್‌ಕ್ರಿಪ್ಟ್ ಮಾಡುತ್ತೇನೆ. ನನ್ನ ಉಬುಂಟು 24.04ರಲ್ಲಿ ಚೆನ್ನಾಗಿ ಓಡುತ್ತದೆ. ಡಿಪಿಕೆಜಿ-ಡೆಬ್ ಕಮಾಂಡ್‌ನಿಂದ ಡೆಬ್ ಪ್ಯಾಕೇಜ್ ಮಾಡಿ ಗೆಳೆಯನಿಗೆ ಕೊಟ್ಟೆ. ಅವನದು ಡೆಬಿಯನ್ 12. ಇನ್‌ಸ್ಟಾಲ್ ಆಯಿತು, ಆದರೆ ತೆರೆದಾಗ ಕ್ಯೂಟಿ ಲೈಬ್ರರಿ ಸಿಗಲಿಲ್ಲ ಎಂಬ ಎರರ್ ಬಂತು. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಎಲ್‌ಡಿಡಿ ಕಮಾಂಡ್ ತೋರಿಸಿದವುಗಳಲ್ಲಿ ಕ್ಯೂಟಿ, ಓಪನ್‌ಎಸ್‌ಎಸ್‌ಎಲ್ ಎರಡನ್ನೂ ನನ್ನ ಯಂತ್ರದಿಂದ ಕಾಪಿ ಮಾಡಿ, /ಯುಎಸ್‌ಆರ್/ಲೋಕಲ್/ಲಿಬ್‌ಗೆ ಹೋಗುವ ಹಾಗೆ ಪ್ಯಾಕೇಜ್‌ನಲ್ಲಿ ಸೇರಿಸಿದೆ. ಇನ್‌ಸ್ಟಾಲ್ ಆದ ಮೇಲೆ ಸಿಸ್ಟಮ್‌ನ ಲೈಬ್ರರಿ ಪಟ್ಟಿ ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಓಡುವಂತೆಯೂ ಮಾಡಿದೆ. ಈಗ ಜಿಲಿಬ್‌ಸಿ (ಬಹುತೇಕ ಎಲ್ಲ ಪ್ರೋಗ್ರಾಂಗಳಿಗೂ ಬೇಕಾದ ತಳಹದಿಯ ಸಿ ಲೈಬ್ರರಿ) 2.38 ಇಲ್ಲ ಎನ್ನುತ್ತಿದೆ. ಅವನ ಯಂತ್ರದಲ್ಲಿ ಬೇರೆ ಒಂದೆರಡು ಪ್ರೋಗ್ರಾಂಗಳೂ ತೆರೆಯುತ್ತಿಲ್ಲವಂತೆ. ಜಿಲಿಬ್‌ಸಿಯನ್ನೂ ಪ್ಯಾಕೇಜ್‌ಗೆ ಸೇರಿಸಲಾ? ಸರಿಯಾದ ದಾರಿ ಯಾವುದು?

ಉತ್ತರ: ಜಿಲಿಬ್‌ಸಿಯನ್ನು ಖಂಡಿತ ಸೇರಿಸಬೇಡಿ. ಮೊದಲು ಇದೊಂದು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಮುಂದಿನ ಹೆಜ್ಜೆ ಅದೇ ಆಗಿದ್ದರೆ ಗೆಳೆಯನ ಯಂತ್ರ ಬೂಟ್ ಆಗುವುದೇ ಕಷ್ಟವಾಗಬಹುದು. ಜಿಲಿಬ್‌ಸಿಯೂ, ಪ್ರೋಗ್ರಾಂಗಳನ್ನು ಮೆಮೊರಿಗೆ ತರುವ ಲೋಡರ್ ಎಂಬ ತುಣುಕೂ ಒಂದೇ ಮೂಲದಿಂದ, ಒಂದೇ ಸಲ ಕಟ್ಟಿದ ಜೋಡಿ. ಲೋಡರ್ ಎಲ್ಲಿದೆ ಎಂಬ ಪೂರ್ತಿ ದಾರಿ ಪ್ರತಿ ಬೈನರಿಯ, ಅಂದರೆ ಕಂಪೈಲ್ ಆದ ಪ್ರೋಗ್ರಾಂ ಫೈಲಿನ, ಒಳಗೂ ಬರೆದಿರುತ್ತದೆ. ಹಳೆ ಲೋಡರ್‌ಗೆ ಹೊಸ ಜಿಲಿಬ್‌ಸಿ ಸಿಕ್ಕರೆ ಆ ಜೋಡಿ ಒಡೆಯುತ್ತದೆ. ಆಗ ನಿಮ್ಮ ಆ್ಯಪ್ ಅಷ್ಟೇ ಅಲ್ಲ, ಎಲ್‌ಎಸ್‌ನಂಥ ಚಿಕ್ಕ ಕಮಾಂಡ್ ಕೂಡ ಕುಸಿಯುತ್ತದೆ.

ಬೇರೆ ಪ್ರೋಗ್ರಾಂಗಳು ನಿಂತುಹೋಗಿದ್ದೂ ನಿಮ್ಮ ಪ್ಯಾಕೇಜ್‌ನಿಂದಲೇ ಅನ್ನುವುದು ನನ್ನ ಬಲವಾದ ಅನುಮಾನ. ಡೆಬಿಯನ್‌ನಲ್ಲಿ ಲೈಬ್ರರಿ ಹುಡುಕುವಾಗ /ಯುಎಸ್‌ಆರ್/ಲೋಕಲ್/ಲಿಬ್ ಸಿಸ್ಟಮ್‌ನ ಸ್ವಂತ ಜಾಗಕ್ಕಿಂತ ಮೊದಲು ಬರುತ್ತದೆ. ಹಾಗಾಗಿ ಕ್ಯೂಟಿ 6 ಬಳಸುವ ಪ್ರತಿ ಪ್ರೋಗ್ರಾಂಗೂ ಈಗ ಡೆಬಿಯನ್‌ನ ಕ್ಯೂಟಿ ಬದಲು ನೀವು ಉಬುಂಟುವಿನಿಂದ ತಂದ ಕ್ಯೂಟಿ ಸಿಗುತ್ತಿದೆ. ಅದು ಹೊಸ ಜಿಲಿಬ್‌ಸಿ ಕೇಳುತ್ತದೆ, ಸಿಗುವುದಿಲ್ಲ, ನಿಲ್ಲುತ್ತದೆ. ಓಪನ್‌ಎಸ್‌ಎಸ್‌ಎಲ್ ವಿಷಯ ಇನ್ನೂ ಕೆಟ್ಟದ್ದು. ಒಂದು ವೇಳೆ ನೀವು ಹಾಕಿದ ಪ್ರತಿ ಅಲ್ಲಿ ಓಡಿದರೂ, ನಾಳೆ ಡೆಬಿಯನ್ ಭದ್ರತಾ ಅಪ್‌ಡೇಟ್ ಕಳಿಸಿದಾಗ ಗೆಳೆಯ ಅದನ್ನು ಇನ್‌ಸ್ಟಾಲ್ ಮಾಡುತ್ತಾನೆ, ಸರಿಹೋಯಿತು ಅಂದುಕೊಳ್ಳುತ್ತಾನೆ. ಆದರೆ ಓಡುತ್ತಿರುವುದು ನಿಮ್ಮ ಹಳೆ ಪ್ರತಿಯೇ. ಆ ಜಾಗ ಯಂತ್ರದ ಯಜಮಾನನಿಗೆ ಬಿಟ್ಟದ್ದು. ಪ್ಯಾಕೇಜ್‌ಗಳು ಅಲ್ಲಿ ಫೈಲ್ ಇಡಬಾರದು ಎಂದು ಡೆಬಿಯನ್‌ನ ನಿಯಮಗಳೇ ಹೇಳುತ್ತವೆ. ಅವನ ಯಂತ್ರ ಸರಿಪಡಿಸುವುದು ಹೇಗೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ಈಗ ಮೂಲಕ್ಕೆ ಹೋಗೋಣ. ನಿಮ್ಮ ಮೊದಲ ಡೆಬ್‌ನಲ್ಲಿ ತಪ್ಪಿದ್ದು ಲೈಬ್ರರಿಯಲ್ಲ, ಮಾಹಿತಿ. ಡಿಪಿಕೆಜಿ-ಡೆಬ್ ಒಂದು ಫೋಲ್ಡರನ್ನು ಕಟ್ಟಿಕೊಡುತ್ತದೆ, ಅಷ್ಟೇ. ಒಳಗಿನ ಬೈನರಿಗೆ ಏನು ಬೇಕು ಎಂದು ಅದು ನೋಡುವುದಿಲ್ಲ. ಪ್ಯಾಕೇಜ್‌ನ ವಿವರ ಇರುವ ಕಂಟ್ರೋಲ್ ಫೈಲ್‌ನಲ್ಲಿ, ಬೇಕಾದ ಬೇರೆ ಪ್ಯಾಕೇಜ್‌ಗಳನ್ನು ಹೇಳುವ ಡಿಪೆಂಡ್ಸ್ ಸಾಲು ಖಾಲಿ ಇತ್ತು, ಹಾಗಾಗಿ ಪ್ಯಾಕೇಜ್‌ಗಳನ್ನು ತಂದು ಹಾಕುವ ಎಪಿಟಿ ಏನನ್ನೂ ತರಲಿಲ್ಲ. ಆದರೆ ಬೇಕಾದ್ದು ಏನೆಂದು ಬೈನರಿಗೆ ಗೊತ್ತಿದೆ. ಅದನ್ನು ಓದಲು ಕಲಿಯುವುದೇ ಪ್ಯಾಕೇಜಿಂಗ್‌ನ ಅರ್ಧ ಕೆಲಸ ಅಂತ ನನ್ನ ಅನುಭವ.

ರೀಡ್‌ಎಲ್ಫ್ ಕಮಾಂಡಿಗೆ -ಡಿ ಕೊಟ್ಟು ನಿಮ್ಮ ಬೈನರಿ ತೋರಿಸಿ. ನೀಡೆಡ್ ಎಂದಿರುವ ಕೆಲವು ಸಾಲು ಕಾಣುತ್ತವೆ. ಅವಷ್ಟೇ ನಿಮ್ಮ ಆ್ಯಪ್ ನೇರವಾಗಿ ಕೇಳುವ ಲೈಬ್ರರಿಗಳು. ಎಲ್‌ಡಿಡಿ ಹಾಗಲ್ಲ. ಅದು ನಿಮ್ಮ ಲೈಬ್ರರಿಗಳ ಲೈಬ್ರರಿಗಳು, ಅವುಗಳ ಲೈಬ್ರರಿಗಳು, ಹೀಗೆ ಇಡೀ ವಂಶವೃಕ್ಷವನ್ನೇ ತೋರಿಸುತ್ತದೆ. ಆ ಉದ್ದ ಪಟ್ಟಿಯನ್ನು ಡಿಪೆಂಡ್ಸ್‌ಗೆ ಸುರಿಯುವವರನ್ನು ಬಹಳ ನೋಡಿದ್ದೇನೆ. ಅದು ತಪ್ಪು. ಕ್ಯೂಟಿಗೆ ಏನು ಬೇಕೋ ಅದನ್ನು ಕ್ಯೂಟಿಯ ಪ್ಯಾಕೇಜ್ ಹೇಳಿಕೊಳ್ಳುತ್ತದೆ, ನಾಳೆ ಅದು ಬದಲಾಗಲೂಬಹುದು. ನೀವು ನಿಮ್ಮದಷ್ಟೇ ಹೇಳಿ. ಇನ್ನೊಂದು ಮಾತು: ನಂಬಿಕೆ ಇಲ್ಲದ ಬೈನರಿಯ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭದಲ್ಲಿ ಅದು ಆ ಬೈನರಿಯನ್ನೇ ಓಡಿಸಿಬಿಡಬಹುದು ಎಂದು ಅದರ ಕೈಪಿಡಿಯಲ್ಲೇ ಎಚ್ಚರಿಕೆ ಇದೆ.

ನೀಡೆಡ್ ಸಾಲಿನಲ್ಲಿ ಲಿಬ್‌ಕ್ರಿಪ್ಟೋ.ಎಸ್‌ಓ.3 ಎಂದು ಕಾಣುತ್ತದೆ, ಅಲ್ವಾ? ಇದಕ್ಕೆ ಸೋನೇಮ್ ಎನ್ನುತ್ತಾರೆ. ಕೊನೆಯ 3 ಸುಮ್ನೆ ಇಟ್ಟ ಸಂಖ್ಯೆಯಲ್ಲ. ಈ ಅಂಕೆ ಬದಲಾಗದಿರುವವರೆಗೆ ಹಳೆ ಬೈನರಿಗಳು ಹೊಸ ಲೈಬ್ರರಿಯ ಜೊತೆ ಓಡುತ್ತವೆ ಎಂದು ಲೈಬ್ರರಿ ಬರೆದವರು ಕೊಟ್ಟ ಮಾತು ಅದು. ಮಾತು ಮುರಿಯಬೇಕಾದಾಗ ಅಂಕೆ ಬದಲಾಗುತ್ತದೆ. ಉಬುಂಟು 20.04, ಡೆಬಿಯನ್ 11 ಇವುಗಳಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಸೋನೇಮ್ 1.1 ಎಂದು ಮುಗಿಯುತ್ತಿತ್ತು. ಉಬುಂಟು 22.04 ಮತ್ತು ಡೆಬಿಯನ್ 12ರಲ್ಲಿ 3 ಆಯಿತು. ಆಗ ಹಳೆ ಬೈನರಿಗಳೆಲ್ಲ 1.1 ಸಿಗಲಿಲ್ಲ ಎಂದು ನಿಂತವು. ‘3ಕ್ಕೆ 1.1 ಅನ್ನೋ ಹೆಸರಲ್ಲಿ ಒಂದು ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ತೋರಿಸುವ ಹೆಸರು) ಹಾಕಿ, ಸರಿಹೋಗತ್ತೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹೆಸರು ಒಂದಾಯಿತು, ಒಳಗಿನ ಫಂಕ್ಷನ್‌ಗಳು, ಡೇಟಾ ರಚನೆಗಳು ಬೇರೆಯೇ. ಅದೂ ನಿಮ್ಮದು ಎನ್‌ಕ್ರಿಪ್ಷನ್ ಮಾಡುವ ಆ್ಯಪ್. ಕ್ರ್ಯಾಶ್ ಆದರೆ ಪುಣ್ಯ, ತಪ್ಪಾಗಿ ಬರೆದಿಟ್ಟರೆ ಬಳಕೆದಾರರ ಟಿಪ್ಪಣಿಗಳೇ ಹೋಗುತ್ತವೆ.

ಸೋನೇಮ್‌ನಿಂದ ಪ್ಯಾಕೇಜ್ ಹೆಸರಿಗೆ ಹೋಗುವುದು ಕೈಯಿಂದ ಮಾಡುವ ಕೆಲಸವಲ್ಲ. ಲಿಬ್‌ಕ್ರಿಪ್ಟೋ ಇರುವುದು ಡೆಬಿಯನ್ 12ರ ಲಿಬ್‌ಎಸ್‌ಎಸ್‌ಎಲ್3 ಎಂಬ ಪ್ಯಾಕೇಜ್‌ನಲ್ಲಿ. ಹೆಸರು ನೋಡಿ ಊಹಿಸಲು ಆಗುತ್ತಿತ್ತಾ? ಅದೇ ಲೈಬ್ರರಿ, ಅದೇ ಸೋನೇಮ್, ಆದರೆ ನಿಮ್ಮ ಉಬುಂಟು 24.04ರಲ್ಲಿ ಪ್ಯಾಕೇಜ್ ಹೆಸರು ಲಿಬ್‌ಎಸ್‌ಎಸ್‌ಎಲ್3ಟಿ64. ಈ ಟಿ64 ಬಾಲ ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. 32 ಬಿಟ್‌ನಲ್ಲಿ ಸಮಯ ಎಣಿಸುವ ಯಂತ್ರಗಳಲ್ಲಿ 2038ರ ಜನವರಿ 19ಕ್ಕೆ ಆ ಎಣಿಕೆ ತುಂಬಿಹೋಗುತ್ತದೆ. ಅದಕ್ಕೆ ಸಮಯವನ್ನು 64 ಬಿಟ್‌ಗೆ ಏರಿಸಿದರು. ಕೆಲವು ಯಂತ್ರಗಳಲ್ಲಿ ಇದರಿಂದ ಹಳೆ ಬೈನರಿಗಳ ಜೊತೆ ಹೊಂದಾಣಿಕೆ ಮುರಿಯುತ್ತಿತ್ತು, ಹಾಗಾಗಿ ಪ್ಯಾಕೇಜ್‌ಗಳ ಹೆಸರನ್ನೇ ಬದಲಾಯಿಸಿದರು. ಡೆಬಿಯನ್‌ನಲ್ಲಿ ಇದು 13ನೇ ಆವೃತ್ತಿಯಲ್ಲಿ ಬಂತು. ನಿಮ್ಮ ಮಟ್ಟಿಗೆ ಅರ್ಥ ಇಷ್ಟೇ: ಉಬುಂಟು 24.04ರಲ್ಲಿ ಲೆಕ್ಕ ಹಾಕಿದ ಡಿಪೆಂಡ್ಸ್ ಡೆಬಿಯನ್ 12ರಲ್ಲಿ ಹೊಂದುವುದಿಲ್ಲ.

ಈ ಲೆಕ್ಕ ಹಾಕಲು ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ಎಂಬ ಸಾಧನವಿದೆ. ಅದು ನೀಡೆಡ್ ಸಾಲುಗಳನ್ನು ಓದುತ್ತದೆ. ಪ್ರತಿ ಸೋನೇಮ್ ಯಾವ ಪ್ಯಾಕೇಜ್‌ನಿಂದ ಬಂತು ಎಂದು ನೋಡುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವು ಕರೆದ ಫಂಕ್ಷನ್‌ಗಳು ಆ ಲೈಬ್ರರಿಯ ಯಾವ ಆವೃತ್ತಿಯಲ್ಲಿ ಸೇರಿದವು ಎಂದು ಸಿಂಬಲ್ಸ್ ಫೈಲ್‌ನಲ್ಲಿ ಹುಡುಕಿ, ಕನಿಷ್ಠ ಆವೃತ್ತಿಯನ್ನೂ ಬರೆಯುತ್ತದೆ. ಇದು ನನಗೆ ತುಂಬ ಇಷ್ಟವಾದ ಭಾಗ. ನಿಮ್ಮ ಯಂತ್ರದಲ್ಲಿ ಯಾವ ಆವೃತ್ತಿ ಇದೆ ಎಂಬುದಲ್ಲ, ನಿಮ್ಮ ಕೋಡ್‌ಗೆ ನಿಜವಾಗಿ ಯಾವುದು ಸಾಕು ಎಂಬುದು ಡಿಪೆಂಡ್ಸ್‌ಗೆ ಬರುತ್ತದೆ. ಬಳಸದೇ ಲಿಂಕ್ ಮಾಡಿದ ಲೈಬ್ರರಿ ಇದ್ದರೆ ಅದನ್ನೂ ಎಚ್ಚರಿಸುತ್ತದೆ.

ಡೆಬ್ ಕಟ್ಟುವ ಸಾಧನಗಳ ಕಂತೆಯಾದ ಡೆಬ್‌ಹೆಲ್ಪರ್ ಬಳಸಿ ಪ್ಯಾಕೇಜ್ ಮಾಡಿದರೆ ಇದೆಲ್ಲ ತಾನಾಗಿ ನಡೆಯುತ್ತದೆ. ಕಂಟ್ರೋಲ್ ಫೈಲ್‌ನ ಡಿಪೆಂಡ್ಸ್ ಸಾಲಿನಲ್ಲಿ ಹೆಸರುಗಳ ಬದಲು ಶ್‌ಲಿಬ್ಸ್:ಡಿಪೆಂಡ್ಸ್, ಮಿಸ್ಕ್:ಡಿಪೆಂಡ್ಸ್ ಎಂಬ ಎರಡು ವೇರಿಯಬಲ್‌ಗಳನ್ನು ಇಡಿ. ಕಟ್ಟುವಾಗ ಅವು ತುಂಬಿಕೊಳ್ಳುತ್ತವೆ. ಕಂಪೈಲ್ ಮಾಡಲು ಬೇಕಾದ ಡೆವ್ ಪ್ಯಾಕೇಜ್‌ಗಳು ಬಿಲ್ಡ್-ಡಿಪೆಂಡ್ಸ್‌ನಲ್ಲಿ ಇರಲಿ. ಅವನ್ನು ಡಿಪೆಂಡ್ಸ್‌ಗೆ ಹಾಕಿದರೆ, ಟಿಪ್ಪಣಿ ಬರೆಯಬೇಕಾದ ಬಳಕೆದಾರನ ಯಂತ್ರಕ್ಕೆ ಹೆಡರ್ ಫೈಲ್‌ಗಳ ರಾಶಿಯೇ ಇಳಿಯುತ್ತದೆ. ಫೆಡೋರಾ ಎಂಬ ಲಿನಕ್ಸ್ ವಿತರಣೆಯ ಕಡೆ ಹೋದರೆ ಅಲ್ಲಿನ ಪ್ಯಾಕೇಜ್ ವ್ಯವಸ್ಥೆ ಆರ್‌ಪಿಎಂ ಇದೇ ಕೆಲಸವನ್ನು ಇನ್ನೂ ನೇರವಾಗಿ ಮಾಡುತ್ತದೆ. ಅಲ್ಲಿ ಪ್ಯಾಕೇಜ್ ಹೆಸರಿನ ಬದಲು ಸೋನೇಮ್ ಅನ್ನೇ ಅವಲಂಬನೆಯಾಗಿ ಬರೆಯುತ್ತಾರೆ. ಆರ್ಚ್ ಲಿನಕ್ಸ್‌ನಲ್ಲಿ ಕೈಯಿಂದ ಬರೆದು, ನ್ಯಾಮ್‌ಕ್ಯಾಪ್ ಎಂಬ ಸಾಧನದಿಂದ ಪರೀಕ್ಷಿಸುತ್ತಾರೆ.

ಇಷ್ಟು ಮಾಡಿದ್ದರೆ ನಿಮ್ಮ ಡೆಬ್‌ನಲ್ಲಿ ಲಿಬ್‌ಸಿ6ರ, ಅಂದರೆ ಜಿಲಿಬ್‌ಸಿ ಇರುವ ಪ್ಯಾಕೇಜ್‌ನ, ಕನಿಷ್ಠ ಆವೃತ್ತಿ 2.38 ಎಂದು ಬರೆದಿರುತ್ತಿತ್ತು. ಡೆಬಿಯನ್ 12ರಲ್ಲಿ ಇರುವುದು 2.36. ಎಪಿಟಿ ಇನ್‌ಸ್ಟಾಲ್ ಮಾಡಲು ಒಪ್ಪುತ್ತಲೇ ಇರಲಿಲ್ಲ. ಅದು ಸೋಲಲ್ಲ. ತೆರೆದ ಮೇಲೆ ಅರ್ಥವಾಗದ ಎರರ್ ತೋರಿಸುವುದಕ್ಕಿಂತ ಬಾಗಿಲಲ್ಲೇ ‘ಇಲ್ಲಿ ಆಗಲ್ಲ’ ಎಂದು ಹೇಳುವುದು ಬಳಕೆದಾರನಿಗೆ ಕೊಡುವ ಗೌರವ.

ಹಾಗಾದರೆ ಡೆಬಿಯನ್ 12ರಲ್ಲಿ ಓಡಿಸುವುದು ಹೇಗೆ? ಡೆಬಿಯನ್ 12ರಲ್ಲೇ ಕಟ್ಟಬೇಕು. ಜಿಲಿಬ್‌ಸಿ ತನ್ನ ಫಂಕ್ಷನ್‌ಗಳಿಗೆ ಆವೃತ್ತಿಯ ಚೀಟಿ ಅಂಟಿಸಿರುತ್ತದೆ. ನೀವು ಕಂಪೈಲ್ ಮಾಡಿದಾಗ ಆ ಯಂತ್ರದಲ್ಲಿರುವ ಹೊಸ ಚೀಟಿ ಬೈನರಿಯಲ್ಲಿ ಕೂತುಬಿಡುತ್ತದೆ. ಹೊಸ ಜಿಲಿಬ್‌ಸಿ ಹಳೆ ಚೀಟಿಗಳನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡಿರುತ್ತದೆ, ಆದರೆ ಹಳೆಯದಕ್ಕೆ ಹೊಸ ಚೀಟಿ ಗೊತ್ತಿರಲು ಸಾಧ್ಯವಿಲ್ಲ. ಅದಕ್ಕೇ ಹಳೆ ಸಿಸ್ಟಮ್‌ನಲ್ಲಿ ಕಟ್ಟಿದ ಬೈನರಿ ಹೊಸದರಲ್ಲಿ ಜಿಲಿಬ್‌ಸಿಯ ತಕರಾರಿಲ್ಲದೆ ಓಡುತ್ತದೆ, ತಿರುಗುಮುರುಗಾದರೆ ಆಗುವುದಿಲ್ಲ.

‘ನಾನು 2.38ರ ಹೊಸ ಫಂಕ್ಷನ್ ಯಾವುದನ್ನೂ ಬಳಸಿಲ್ಲವಲ್ಲ’ ಎಂದು ನಿಮಗೆ ಅನ್ನಿಸಬಹುದು. ನಿಜ, ಬಳಸಿರಲಿಕ್ಕಿಲ್ಲ. ಆಬ್ಜ್‌ಡಂಪ್‌ಗೆ -ಟಿ ಕೊಟ್ಟು, ಟಿ ದೊಡ್ಡಕ್ಷರದಲ್ಲಿ, ನಿಮ್ಮ ಬೈನರಿಯ ಸಿಂಬಲ್‌ಗಳನ್ನು ನೋಡಿ. 2.38 ಚೀಟಿ ಹೆಚ್ಚಾಗಿ ಸ್ಟ್ರ್‌ಟೋಲ್‌ನಂಥ ಹಳೆ, ಸಾಧು ಫಂಕ್ಷನ್‌ನ ಪಕ್ಕದಲ್ಲಿ ಕಾಣುತ್ತದೆ. ಅಕ್ಷರಗಳನ್ನು ಸಂಖ್ಯೆ ಮಾಡುವ ಈ ಫಂಕ್ಷನ್‌ಗೆ, ಸಿ23 ಗುಣಮಟ್ಟದ ಪ್ರಕಾರ ‘0ಬಿ’ ಎಂದು ಶುರುವಾಗುವ ಸಂಖ್ಯೆಗಳನ್ನೂ ಓದುವ ಶಕ್ತಿ ಬಂತು. ಹಳೆ ಪ್ರೋಗ್ರಾಂಗಳ ನಡವಳಿಕೆ ಬದಲಾಗಬಾರದೆಂದು ಜಿಲಿಬ್‌ಸಿ 2.38ರಲ್ಲಿ ಅದಕ್ಕೆ ಹೊಸ ಹೆಸರು ಕೊಟ್ಟು, ಹೆಡರ್ ಮೂಲಕ ಅತ್ತ ತಿರುಗಿಸಿದರು. ಸಿ++ ಕಂಪೈಲರ್ ಜಿ++ ಆ ಸೌಲಭ್ಯವನ್ನು ತಾನಾಗಿಯೇ ಚಾಲೂ ಮಾಡುತ್ತದೆ. ಹೀಗಾಗಿ ಕೋಡ್‌ನಲ್ಲಿ ಒಂದಕ್ಷರ ಬದಲಾಗದಿದ್ದರೂ, ಕಟ್ಟಿದ ಜಾಗ ಬದಲಾಗಿದ್ದಕ್ಕೆ ಬೈನರಿ ಬದಲಾಯಿತು.

ಪ್ರತಿ ಆವೃತ್ತಿಗೆ ಬೇರೆ ಯಂತ್ರ ಬೇಕಿಲ್ಲ. ಪಾಡ್‌ಮ್ಯಾನ್ ಅಥವಾ ಡಾಕರ್‌ನಲ್ಲಿ ಡೆಬಿಯನ್ 12ರ ಕಂಟೈನರ್ (ನಿಮ್ಮ ಯಂತ್ರದೊಳಗೇ ಪ್ರತ್ಯೇಕವಾಗಿರುವ ಚಿಕ್ಕ ಸಿಸ್ಟಮ್) ತೆಗೆದುಕೊಂಡು ಅದರೊಳಗೆ ಕಟ್ಟಿ. ಡೆಬಿಯನ್‌ನವರೇ ಬಳಸುವ ಎಸ್‌ಬಿಲ್ಡ್ ಇನ್ನೂ ಶಿಸ್ತಿನದು. ಅದು ಖಾಲಿ ಸಿಸ್ಟಮ್‌ನಲ್ಲಿ ಬಿಲ್ಡ್-ಡಿಪೆಂಡ್ಸ್ ಮಾತ್ರ ಹಾಕಿ ಕಟ್ಟುತ್ತದೆ, ಹಾಗಾಗಿ ನಿಮ್ಮ ಯಂತ್ರದಲ್ಲಿ ಎಂದೋ ಹಾಕಿಟ್ಟ ಲೈಬ್ರರಿ ಕದ್ದು ಒಳಬರುವುದಿಲ್ಲ. ನಿಮ್ಮ ಬಳಿ ಎರಡು ಡೆಬ್ ಇರಲಿ, ಒಂದು ಡೆಬಿಯನ್ 12ಕ್ಕೆ, ಒಂದು ಉಬುಂಟು 24.04ಕ್ಕೆ. ಒಂದೇ ಡೆಬ್ ಎಲ್ಲ ಕಡೆ ಓಡಲಿ ಎಂಬ ಆಸೆ ಬಿಡಿ. ಡೆಬ್ ಇರುವುದು ಒಂದು ನಿರ್ದಿಷ್ಟ ಆವೃತ್ತಿಗೆ.

ಇಲ್ಲಿಗೆ ಮುಗಿಯಲಿಲ್ಲ. ನಿಮ್ಮ ಆ್ಯಪ್‌ನಲ್ಲಿ ನೀಡೆಡ್ ಸಾಲಿಗೆ ಬರದ ಅವಲಂಬನೆಗಳೂ ಇವೆ. ಕ್ಯೂಟಿ ಬಹಳಷ್ಟು ಕೆಲಸವನ್ನು ಪ್ಲಗಿನ್‌ಗಳಿಗೆ ಬಿಡುತ್ತದೆ. ಓಡುತ್ತಿರುವಾಗ ಹೆಸರು ಹಿಡಿದು ಹುಡುಕಿ ತೆರೆಯುತ್ತದೆ. ಶ್‌ಲಿಬ್‌ಡೆಪ್ಸ್‌ಗೆ ಇದು ಕಾಣುವುದಿಲ್ಲ. ನೀವು ಎಸ್‌ಕ್ಯುಲೈಟ್‌ಗೆ ಕ್ಯೂಟಿಯ ಎಸ್‌ಕ್ಯೂಎಲ್ ಮಾಡ್ಯೂಲ್ ಬಳಸಿದ್ದರೆ, ಅದರ ಡ್ರೈವರ್ ಲಿಬ್‌ಕ್ಯೂಟಿ6ಎಸ್‌ಕ್ಯೂಎಲ್6-ಎಸ್‌ಕ್ಯುಲೈಟ್ ಎಂಬ ಬೇರೆಯದೇ ಪ್ಯಾಕೇಜ್‌ನಲ್ಲಿದೆ. ಅದಿಲ್ಲದಿದ್ದರೆ ಆ್ಯಪ್ ತೆರೆಯುತ್ತದೆ, ಡ್ರೈವರ್ ಲೋಡ್ ಆಗಲಿಲ್ಲ ಎಂಬ ಒಂದು ಸಾಲು ಟರ್ಮಿನಲ್‌ಗೆ ಹೋಗುತ್ತದೆ, ಟಿಪ್ಪಣಿಗಳು ಮಾತ್ರ ಉಳಿಯುವುದಿಲ್ಲ. ಎಸ್‌ವಿಜಿ ಐಕಾನ್‌ಗಳೂ ಹೀಗೆಯೇ. ಪ್ಲಗಿನ್ ಇಲ್ಲದಿದ್ದರೆ ಬಟನ್‌ಗಳು ಸದ್ದಿಲ್ಲದೆ ಖಾಲಿ ಕಾಣುತ್ತವೆ. ಇಂಥವನ್ನು ನೀವೇ ಕೈಯಿಂದ ಬರೆಯಬೇಕು. ಇಲ್ಲದಿದ್ದರೆ ಆ್ಯಪ್ ಕೆಲಸಕ್ಕೇ ಬಾರದು ಎನ್ನುವುದು ಡಿಪೆಂಡ್ಸ್‌ಗೆ ಹೋಗಲಿ. ಸಾಮಾನ್ಯವಾಗಿ ಎಲ್ಲರಿಗೂ ಬೇಕು, ಇಲ್ಲದೆಯೂ ನಡೆಯುತ್ತದೆ ಎನ್ನುವುದು ರೆಕಮೆಂಡ್ಸ್‌ಗೆ. ಎಸ್‌ಕ್ಯುಲೈಟ್ ಡ್ರೈವರ್ ನಿಮಗೆ ಖಂಡಿತ ಡಿಪೆಂಡ್ಸ್.

ಇವನ್ನು ಹಿಡಿಯಲು ನನಗೆ ಗೊತ್ತಿರುವ ನಂಬಿಕಸ್ಥ ದಾರಿ ಒಂದೇ: ಏನೂ ಹಾಕಿರದ ವರ್ಚುವಲ್ ಮಷಿನ್‌ನಲ್ಲಿ ನಿಮ್ಮ ಡೆಬ್ ಮಾತ್ರ ಎಪಿಟಿಯಿಂದ ಇನ್‌ಸ್ಟಾಲ್ ಮಾಡಿ, ಪ್ರತಿ ಮೆನು ಒತ್ತಿ ನೋಡುವುದು. ಡೆವಲಪರ್‌ನ ಯಂತ್ರದಲ್ಲಿ ಎಲ್ಲವೂ ಮೊದಲೇ ಇರುತ್ತದೆ, ಆದ್ದರಿಂದ ಅಲ್ಲಿ ಏನೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಲೈಬ್ರರಿಯನ್ನು ಒಳಗೇ ತುಂಬುವುದು ಯಾವಾಗಲೂ ತಪ್ಪಾ? ಅಲ್ಲ. ಆದರೆ ತುಂಬಿದ ಕ್ಷಣದಿಂದ ಆ ಲೈಬ್ರರಿಯ ಹೊಣೆ ನಿಮ್ಮದಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಂದಾಗ ಲಿನಕ್ಸ್ ವಿತರಣೆಗಳು ಲೈಬ್ರರಿಯ ಪ್ಯಾಕೇಜ್ ಬದಲಿಸಿದವು. ಅದನ್ನು ಹಂಚಿಕೊಂಡಿದ್ದ ಪ್ರೋಗ್ರಾಂಗಳೆಲ್ಲ ಮರುಚಾಲೂ ಆದೊಡನೆ ಸರಿಹೋದವು. ತಮ್ಮದೇ ಪ್ರತಿ ಇಟ್ಟುಕೊಂಡವರು ಒಬ್ಬೊಬ್ಬರೂ ಮತ್ತೆ ಕಟ್ಟಬೇಕಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಚಿತ್ರಗಳನ್ನು ಓದುವ ಲಿಬ್‌ವೆಬ್‌ಪಿಯಲ್ಲಿ ದೋಷ ಸಿಕ್ಕಾಗಲೂ ಅದೇ ಕಥೆ. ವೆಬ್ ತಂತ್ರಗಳಿಂದ ಆ್ಯಪ್ ಮಾಡಲು ಬಳಸುವ ಎಲೆಕ್ಟ್ರಾನ್ ಮೇಲೆ ಕಟ್ಟಿದ ಆ್ಯಪ್‌ಗಳು ತಮ್ಮೊಳಗೆ ಕ್ರೋಮಿಯಂ ಬ್ರೌಸರ್‌ನ ಪ್ರತಿ ಹೊತ್ತಿರುತ್ತವೆ, ಅದರೊಳಗೆ ಲಿಬ್‌ವೆಬ್‌ಪಿ. ಒಂದೊಂದು ಆ್ಯಪ್‌ನವರೂ ಹೊಸ ಆವೃತ್ತಿ ಬಿಡಬೇಕಾಯಿತು. ಸ್ಟ್ಯಾಟಿಕ್ ಲಿಂಕ್ ಮಾಡಿದರೂ, ಅಂದರೆ ಲೈಬ್ರರಿಯನ್ನು ಬೈನರಿಯೊಳಗೇ ಬೆಸೆದರೂ, ಇದೇ ಹೊಣೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಫೆಡೋರಾದಲ್ಲಿ ಒಳಗೆ ತುಂಬಿದ್ದನ್ನು ಬಂಡಲ್ಡ್ ಎಂದು ಪ್ಯಾಕೇಜ್‌ನಲ್ಲೇ ಘೋಷಿಸಬೇಕು. ದೋಷ ಬಂದ ದಿನ ಎಲ್ಲೆಲ್ಲಿ ಅದರ ಪ್ರತಿ ಇದೆ ಎಂದು ಹುಡುಕಲು ಅದೇ ಆಧಾರ.

ಆದ್ದರಿಂದ ನನ್ನ ಅಳತೆ ಹೀಗಿದೆ. ಓಪನ್‌ಎಸ್‌ಎಸ್‌ಎಲ್, ಕ್ಯೂಟಿ, ಚಿತ್ರ ಓದುವ, ಜಿಪ್ ಬಿಚ್ಚುವ ಲೈಬ್ರರಿಗಳು, ಅಂದರೆ ಹೊರಗಿನಿಂದ ಬಂದ ಡೇಟಾ ಮುಟ್ಟುವ ಯಾವುದನ್ನೂ ಡೆಬ್ ಒಳಗೆ ತುಂಬಬೇಡಿ. ವಿತರಣೆಯಲ್ಲಿ ಸಿಗದ ಚಿಕ್ಕ ಲೈಬ್ರರಿ, ಅಥವಾ ನೀವು ತಿದ್ದಿಕೊಂಡದ್ದು ಇದ್ದರೆ ತುಂಬಿ. ಅದು /ಯುಎಸ್‌ಆರ್/ಲಿಬ್ ಒಳಗೆ ನಿಮ್ಮ ಆ್ಯಪ್ ಹೆಸರಿನ ಫೋಲ್ಡರ್‌ನಲ್ಲಿ ಇರಲಿ. ಬೈನರಿಗೆ ಅದರ ದಾರಿಯನ್ನು ರನ್‌ಪಾತ್ (ಲೈಬ್ರರಿ ಎಲ್ಲಿ ಹುಡುಕಬೇಕೆಂದು ಬೈನರಿಯೊಳಗೆ ಬರೆದಿಡುವ ಸಾಲು) ಮೂಲಕ ಹೇಳಿ. ಆಗ ಅದು ನಿಮ್ಮ ಆ್ಯಪ್‌ಗೆ ಮಾತ್ರ ಕಾಣುತ್ತದೆ, ಬೇರೆಯವರಿಗೆ ಇಲ್ಲ.

ರನ್‌ಪಾತ್ ಬದಲು ಎಲ್‌ಡಿ-ಲೈಬ್ರರಿ-ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕುವ ಶೆಲ್ ಸ್ಕ್ರಿಪ್ಟ್ ಬರೆಯುವುದು ಸುಲಭ ಅನ್ನಿಸುತ್ತದೆ. ನಾನೂ ಒಂದು ಕಾಲದಲ್ಲಿ ಹಾಗೇ ಮಾಡಿದ್ದೆ. ಆ್ಯಪ್ ಚೆನ್ನಾಗಿ ಓಡಿತು. ಆದರೆ ಅದರಲ್ಲಿನ ಲಿಂಕ್ ಒತ್ತಿದಾಗ ಬ್ರೌಸರ್ ತೆರೆಯದೆ ಬೀಳುತ್ತಿತ್ತು. ಆ ವೇರಿಯಬಲ್ ನನ್ನ ಆ್ಯಪ್ ಹುಟ್ಟಿಸಿದ ಎಲ್ಲ ಪ್ರೋಗ್ರಾಂಗಳಿಗೂ ದಾಟುತ್ತಿತ್ತು, ಬ್ರೌಸರ್‌ಗೂ ನನ್ನ ಲೈಬ್ರರಿಗಳೇ ಸಿಗುತ್ತಿದ್ದವು. ಇದನ್ನು ಹುಡುಕಲು ನನಗೆ ಎರಡು ವಾರ ಹಿಡಿಯಿತು. ಆ ಎರಡು ವಾರ ನಿಮಗೆ ಉಳಿಯಲಿ ಎಂದೇ ಹೇಳುತ್ತಿದ್ದೇನೆ.

‘ಎರಡು ವಿತರಣೆಗೆ ಸರಿ, ಎಲ್ಲರಿಗೂ ಕೊಡಬೇಕಲ್ಲ’ ಎಂದರೆ ಬೇರೆ ಬೇರೆ ವಿತರಣೆಗಳಲ್ಲಿ ಓಡುವ ಪ್ಯಾಕೇಜ್ ರೂಪವಾದ ಫ್ಲ್ಯಾಟ್‌ಪ್ಯಾಕ್ ನೋಡಿ. ಅಲ್ಲಿ ರನ್‌ಟೈಮ್ ಎಂಬ ಹಂಚಿಕೆಯ ತಳಹದಿ ಇದೆ. ಕೆಡಿಇ ರನ್‌ಟೈಮ್ ಆಯ್ದುಕೊಂಡರೆ ಕ್ಯೂಟಿ, ಓಪನ್‌ಎಸ್‌ಎಸ್‌ಎಲ್, ಜಿಲಿಬ್‌ಸಿ ಎಲ್ಲ ಅದರಲ್ಲೇ ಬರುತ್ತವೆ, ಬಳಕೆದಾರನ ಯಂತ್ರದಲ್ಲಿ ಯಾವ ವಿತರಣೆ ಇದ್ದರೂ. ಅವುಗಳ ಭದ್ರತಾ ಅಪ್‌ಡೇಟ್ ರನ್‌ಟೈಮ್ ನೋಡಿಕೊಳ್ಳುವವರದು. ನಿಮ್ಮ ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಆ್ಯಪ್ ಕಟ್ಟುವ ವಿವರದ ಫೈಲ್‌ನಲ್ಲಿ, ನೀವು ಜಾಸ್ತಿಯಾಗಿ ಸೇರಿಸಿದ್ದು ಮಾತ್ರ ನಿಮ್ಮದು. ರನ್‌ಟೈಮ್‌ನ ಆಯಸ್ಸು ಮುಗಿಯುವ ಮೊದಲು ಹೊಸದಕ್ಕೆ ಹೋಗುವುದನ್ನು ಮರೆಯಬೇಡಿ. ಇಡೀ ಆ್ಯಪ್ ಒಂದೇ ಫೈಲ್ ಆಗಿ ಬರುವ ಆ್ಯಪ್‌ಇಮೇಜ್‌ನಲ್ಲಿ ಹೆಚ್ಚು ಕಡಿಮೆ ಎಲ್ಲವನ್ನೂ ನೀವೇ ಹೊರಬೇಕು, ಆದರೂ ಜಿಲಿಬ್‌ಸಿ ಸಾಮಾನ್ಯವಾಗಿ ಹೊರಗಿನದೇ, ಹಾಗಾಗಿ ಹಳೆ ಸಿಸ್ಟಮ್‌ನಲ್ಲಿ ಕಟ್ಟುವ ನಿಯಮ ಅಲ್ಲೂ ತಪ್ಪುವುದಿಲ್ಲ. ಒಬ್ಬರೇ ನಡೆಸುವ, ಜನರ ಖಾಸಗಿ ಬರಹ ಕಾಯುವ ನಿಮ್ಮಂಥ ಆ್ಯಪ್‌ಗೆ ನಾನು ಫ್ಲ್ಯಾಟ್‌ಪ್ಯಾಕ್ ಅನ್ನೇ ಮೊದಲು ಹೇಳುತ್ತೇನೆ. ಸಮಯ ಇದ್ದರೆ ಡೆಬ್ ಜೊತೆಗಿರಲಿ.

ಇನ್ನು ಗೆಳೆಯನ ಯಂತ್ರ. ಇದನ್ನು ಇವತ್ತೇ ಮಾಡಿ. ನಿಮ್ಮ ಪ್ಯಾಕೇಜನ್ನು ಎಪಿಟಿಯಿಂದ ತೆಗೆಯಲು ಹೇಳಿ. ಆಮೇಲೆ /ಯುಎಸ್‌ಆರ್/ಲೋಕಲ್/ಲಿಬ್ ತೆರೆದು ನೋಡಲಿ. ನೀವು ಕೈಯಿಂದ ಏನಾದರೂ ಕಾಪಿ ಮಾಡಿಸಿದ್ದರೆ ಅದು ಡಿಪಿಕೆಜಿಗೆ ಗೊತ್ತಿರುವುದಿಲ್ಲ, ಅಲ್ಲೇ ಉಳಿದಿರುತ್ತದೆ, ಅದನ್ನೂ ಅಳಿಸಲಿ. ನಂತರ ರೂಟ್ ಆಗಿ ಎಲ್‌ಡಿಕಾನ್ಫಿಗ್ ಓಡಿಸಿ, ಎಲ್‌ಡಿಕಾನ್ಫಿಗ್ -ಪಿ ಕೊಡುವ ಪಟ್ಟಿಯಲ್ಲಿ ಲಿಬ್‌ಕ್ರಿಪ್ಟೋ ಹಾಗೂ ಕ್ಯೂಟಿ 6 ಹುಡುಕಲಿ. ಯಾವ ಸಾಲಿನಲ್ಲೂ ಲೋಕಲ್ ಎಂಬ ಪದ ಕಾಣಬಾರದು. ಒಮ್ಮೆ ಲಾಗ್‌ಔಟ್ ಆಗಿ ಬಂದರೆ ನಿಂತುಹೋಗಿದ್ದ ಪ್ರೋಗ್ರಾಂಗಳು ಮತ್ತೆ ತೆರೆಯಬೇಕು. ಆಗಲೂ ತೆರೆಯದಿದ್ದರೆ ಟರ್ಮಿನಲ್‌ನಿಂದ ಓಡಿಸಿ, ಬರುವ ಎರರ್ ಸಾಲನ್ನು ಪೂರ್ತಿ ಬರೆದು ಕಳಿಸಿ, ನೋಡೋಣ.